ಟೊಂಕ ಹಿಡಿದರೆ ಯಾವುದು ಮೊದಲು, ಯಾವುದು ಆಮೇಲೆ: ಬೆನ್ನಿನ ಸ್ನಾಯು ನೋವಿಗೆ ಆರು ವಾರದ ಸಮಗ್ರ ಮಾರ್ಗದರ್ಶಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ನಾಟಿ ಶುರುವಾಗಿ ಹತ್ತು ದಿನ ಆಗುವಷ್ಟರಲ್ಲಿ ಸಿಂಧನೂರಿನ ನಮ್ಮ ಫಿಸಿಯೋಥೆರಪಿ ಕೋಣೆಯ ಬೆಂಚು ತುಂಬಿರುತ್ತದೆ. "ಟೊಂಕ ಹಿಡ್ಕೊಂಡೈತ್ರೀ ಸರ, ಬಗ್ಗಿದ್ರ ಏಳಾಕ ಬರವಲ್ದು" ಎನ್ನುವವರಲ್ಲಿ ಬಹಳ ಮಂದಿ ಹೋದ ವರ್ಷವೂ ಇದೇ ಬೆಂಚಿನ ಮೇಲೆ ಕೂತಿದ್ದವರು. ಶಾಖ ಕೊಟ್ಟಿರುತ್ತಾರೆ, ಎಣ್ಣೆ ಹಚ್ಚಿರುತ್ತಾರೆ, ಮಾತ್ರೆ ನುಂಗಿರುತ್ತಾರೆ, ಮೊಬೈಲಿನಲ್ಲಿ ನೋಡಿ ವ್ಯಾಯಾಮವನ್ನೂ ಮಾಡಿರುತ್ತಾರೆ. ಆದರೂ ನೋವು ಮತ್ತೆ ಬಂದಿರುತ್ತದೆ.

ಮಾಡಿದ್ದರಲ್ಲಿ ತಪ್ಪು ಕಡಿಮೆ. ಕ್ರಮ ತಪ್ಪಿರುತ್ತದೆ. ಐದನೇ ವಾರದ ವ್ಯಾಯಾಮವನ್ನು ಎರಡನೇ ದಿನ ಮಾಡಿರುತ್ತಾರೆ, ಇಲ್ಲವೆ ಮೊದಲ ದಿನದ ವಿಶ್ರಾಂತಿಯನ್ನು ಮೂರನೇ ವಾರದವರೆಗೂ ಎಳೆದಿರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಇನ್ನೊಂದು: ನೋವು ನಿಂತ ದಿನವೇ ವಾಸಿಯಾಯಿತು ಎಂದುಕೊಂಡು ನೆಲ್ಲಿನ ಚೀಲ ಎತ್ತಲು ಹೋಗುವುದು. ಹಾಗಾಗಿ ಇಲ್ಲಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ, ಒಂದನ್ನೂ ಹಾರಿಸಬೇಡಿ.

ಬೇಕಾಗುವ ಸಾಮಾನು

ದುಬಾರಿಯದು ಯಾವುದೂ ಬೇಡ. ಒಂದು ಜಮಖಾನ ಅಥವಾ ಚಾಪೆ, ಎರಡು ದಿಂಬು, ಒಂದು ಕುರ್ಚಿ, ಬಿಸಿನೀರಿನ ರಬ್ಬರ್ ಚೀಲ (ಇಲ್ಲದಿದ್ದರೆ ಹಂಚಿನ ಮೇಲೆ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು), ಒಂದು ಟವೆಲ್, ನೆಟ್ಟಗಿರುವ ನಾಲ್ಕು ಅಡಿಯ ಒಂದು ಕೋಲು. ಕೋಲು ಯಾಕೆ ಎಂಬುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ. ಹೊತ್ತು ನೋಡಲು ಮೊಬೈಲ್ ಸಾಕು.

ಮಲಗುವ ಜಾಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ತೊಟ್ಟಿಲಿನಂತೆ ಜೋತುಬಿದ್ದ ಹಳೆಯ ಹೊರಸು ಬೇಡ. ಹಾಗೆಂದು ಬರಿ ಬಂಡೆಯ ಮೇಲೆ ಮಲಗಿದರೆ ಬೆನ್ನು ನೆಟ್ಟಗಾಗುತ್ತದೆ ಎಂಬುದೂ ಸರಿಯಲ್ಲ. ನೆಲದ ಮೇಲೆ ಹತ್ತಿಯ ಗಾದಿ, ಅಥವಾ ಹಲಗೆ ಮಂಚದ ಮೇಲೆ ಮಧ್ಯಮ ಗಟ್ಟಿಯ ಹಾಸಿಗೆ ಸಾಕು. ನೋವು ಜೋರಾಗಿದ್ದಾಗ ನೆಲದಿಂದ ಏಳುವುದು ಕಷ್ಟ, ಆ ಎರಡು ಮೂರು ದಿನ ಮಂಚವೇ ಅನುಕೂಲ.

ಹಂತ 1: ಇದು ಸ್ನಾಯು ನೋವೇ ಎಂದು ಖಚಿತ ಮಾಡಿಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋದವರೇ ಅಪಾಯಕ್ಕೆ ಸಿಕ್ಕುವುದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸ್ನಾಯು ನೋವಿನ ಗುರುತು ಹೀಗಿರುತ್ತದೆ: ಬಗ್ಗಿ ಮಾಡಿದ ಕೆಲಸವೋ ಎತ್ತಿದ ಭಾರವೋ ಯಾವುದೋ ಒಂದರ ನಂತರ, ಅಥವಾ ಮರುದಿನ ಬೆಳಗ್ಗೆ ಶುರುವಾಗಿರುತ್ತದೆ. ಬೆನ್ನುಮೂಳೆಯ ಪಕ್ಕದಲ್ಲಿ ಒತ್ತಿದರೆ ಗಟ್ಟಿಯಾದ ಹುರಿಯಂಥದ್ದು ಕೈಗೆ ಸಿಗುತ್ತದೆ. ಒಂದು ಭಂಗಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಪೃಷ್ಠದವರೆಗೆ ಎಳೆಯಬಹುದು, ಸಾಮಾನ್ಯವಾಗಿ ಮೊಣಕಾಲಿನಿಂದ ಕೆಳಗೆ ಇಳಿಯುವುದಿಲ್ಲ. ಇಂಥ ನೋವು ಹೆಚ್ಚಿನವರಲ್ಲಿ 2ರಿಂದ 6 ವಾರದೊಳಗೆ ಇಳಿಯುತ್ತದೆ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವರು

ಮೂತ್ರ ಕಟ್ಟಿದೆ, ಅಥವಾ ಗೊತ್ತಾಗದೆ ಹೋಗುತ್ತಿದೆ. ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದಿದೆ. ಕಾಲಿನಲ್ಲಿ ಬಲ ಕಡಿಮೆಯಾಗುತ್ತಿದೆ. ಈ ಕೊನೆಯದನ್ನು ಜನ ಹೇಳುವ ರೀತಿಯೇ ಬೇರೆ: "ಚಪ್ಪಲಿ ಕಾಲಾಗ ನಿಲ್ಲವಲ್ದು." ಪಾದ ಎತ್ತಲು ಆಗದೆ ಚಪ್ಪಲಿ ಜಾರಿ ಹೋಗುವುದು ನರ ಒತ್ತಿಕೊಂಡಿರುವುದರ ಗುರುತು. ಈ ಮೂರರಲ್ಲಿ ಒಂದಿದ್ದರೂ ನಾಳೆ ನೋಡೋಣ ಎನ್ನಬೇಡಿ. ಒಂದೆರಡು ದಿನ ತಡವಾದರೂ ಹೋದ ಶಕ್ತಿ ಪೂರ್ತಿ ಮರಳದೆ ಇರಬಹುದು. 108ಕ್ಕೆ ಕರೆ ಮಾಡಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ಟ್ರ್ಯಾಕ್ಟರಿನಿಂದಲೋ ಮಾಳಿಗೆಯಿಂದಲೋ ಬಿದ್ದು ನೋವಾಗಿದ್ದರೆ ಮೂಳೆ ಮುರಿದಿಲ್ಲ ಎಂದು ತಿಳಿಯುವವರೆಗೆ ಯಾವ ವ್ಯಾಯಾಮವೂ ಬೇಡ. ಮುಟ್ಟು ನಿಂತ ಹೆಂಗಸರಲ್ಲಿ, ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ಮೂಳೆ ಟೊಳ್ಳಾಗಿರುವುದರಿಂದ, ಬಚ್ಚಲಲ್ಲಿ ಸುಮ್ಮನೆ ಜಾರಿ ಕುಸಿದು ಕೂತರೂ ಬೆನ್ನುಮೂಳೆ ಕುಸಿಯಬಹುದು.

ಬೆನ್ನಿನ ಮೇಲ್ಭಾಗದ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ತಿಕ್ಕುತ್ತಾ ಕೂರಬೇಡಿ, ಅದು ಹೃದಯದ್ದಿರಬಹುದು.

ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಬೇಕಾದವರು

ಪಕ್ಕೆಯಿಂದ ಕಿಬ್ಬೊಟ್ಟೆಗೆ ಅಲೆಅಲೆಯಾಗಿ ಇಳಿಯುವ ನೋವು, ಹೇಗೆ ಮಲಗಿದರೂ ಹೊರಳಾಟ, ವಾಂತಿ, ಮೂತ್ರದಲ್ಲಿ ಕೆಂಪು: ಇದು ಮೂತ್ರಪಿಂಡದ ಕಲ್ಲಿನ ರೀತಿ. ನಮ್ಮ ಬಿಸಿಲಿಗೆ, ಹೊಲದಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಇದು ಹೊಸದಲ್ಲ. ಸ್ನಾಯು ನೋವಿದ್ದವರು ಅಲುಗಾಡದೆ ಮಲಗಲು ನೋಡುತ್ತಾರೆ, ಕಲ್ಲಿನ ನೋವಿದ್ದವರಿಗೆ ಒಂದು ಕಡೆ ಇರಲಾಗುವುದಿಲ್ಲ. ಜೊತೆಗೆ ಚಳಿಜ್ವರವೂ ಬಂದರೆ ಅದೇ ದಿನ ಹೋಗಿ.

ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ವಾರಗಟ್ಟಲೆ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕೆಮ್ಮಿಲ್ಲ ಎಂದ ಮಾತ್ರಕ್ಕೆ ಟಿಬಿ ಇಲ್ಲ ಎನ್ನಲಾಗದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ಹರೆಯದವರಿಗೆ ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಬೆನ್ನು ಬಿಗಿದಿದ್ದು, ಓಡಾಡಿದಂತೆ ಸಡಿಲಾಗುತ್ತಾ, ಮೂರು ತಿಂಗಳಿಗೂ ಮೀರಿ ನಡೆದಿದ್ದರೆ ಅದು ಸಂಧಿವಾತದ ಒಂದು ಬಗೆ ಆಗಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಇನ್ನೊಂದು ನಮ್ಮ ಭಾಗದ್ದೇ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಆ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕುತ್ತಿಗೆ, ಬೆನ್ನು, ಕೀಲು ಬಿಗಿಯುತ್ತಾ ಬರುತ್ತವೆ. ಆ ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಕಂಡರೆ ಅನುಮಾನಪಡಿ. ಇದಕ್ಕೆ ನಾನು ಹೇಳುವ ವ್ಯಾಯಾಮ ಮದ್ದಲ್ಲ, ಮೊದಲು ನೀರು ಪರೀಕ್ಷೆ ಮಾಡಿಸಿ ಕುಡಿಯುವ ನೀರು ಬದಲಿಸಬೇಕು.

ಇವು ಯಾವುವೂ ಇಲ್ಲದಿದ್ದರೆ ಎಕ್ಸ್‌ರೇ, ಎಂಆರ್‌ಐ ಮೊದಲ ಆರು ವಾರ ಬೇಕಾಗುವುದಿಲ್ಲ. ನೋವೇ ಇಲ್ಲದವರಿಗೂ ಎಂಆರ್‌ಐ ಮಾಡಿದರೆ ಹಲವರಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದ್ದು ಕಾಣುತ್ತದೆ. ಆ ಕಾಗದ ಕೈಗೆ ಬಂದ ಮೇಲೆ ಬೆನ್ನಿಗಿಂತ ಮನಸ್ಸು ಹೆಚ್ಚು ಹೆದರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಂತ 2: ಮೊದಲ 48 ಗಂಟೆ

ಈಗಿನ ಗುರಿ ಒಂದೇ, ಬಿಗಿದ ಸ್ನಾಯುವಿನ ಹಿಡಿತ ಸಡಿಲ ಮಾಡುವುದು.

ಅಂಗಾತ ಮಲಗಿ, ಎರಡೂ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ತೊಡೆ ನೆಟ್ಟಗೆ ಮೇಲಕ್ಕೆ, ಮೊಣಕಾಲು ಮಡಚಿ ಇರಲಿ. 10–15 ನಿಮಿಷ ಹಾಗೇ ಇದ್ದು ನಿಧಾನ ಉಸಿರಾಡಿ. ಪಕ್ಕಕ್ಕೆ ಮಲಗುವುದಾದರೆ ಮೊಣಕಾಲುಗಳ ನಡುವೆ ದಿಂಬು ಇರಲಿ. ಕೆಲವರಿಗೆ ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿದರೆ ಹಾಯೆನಿಸುತ್ತದೆ, ಅದೂ ಆಗಬಹುದು.

ಏಳುವಾಗ ಅಂಗಾತದಿಂದ ನೆಟ್ಟಗೆ ಎದ್ದು ಕೂರಲು ಹೋಗಬೇಡಿ. ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ಮರದ ದಿಮ್ಮಿ ಹೊರಳಿದ ಹಾಗೆ ಪಕ್ಕಕ್ಕೆ ಹೊರಳಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಲೇ ಕೈ ಊರಿ ಎದ್ದು ಕೂರಿ. ನನ್ನ ಕೋಣೆಯಲ್ಲಿ ಮೊದಲ ದಿನ ನಾನು ಕಲಿಸುವುದು ಇದನ್ನೇ. ಸಂಜೆಯ ಹೊತ್ತಿಗೆ ಅರ್ಧ ಭಯ ಹೋಗಿರುತ್ತದೆ.

ಶಾಖ: ಚರ್ಮಕ್ಕೂ ಬಿಸಿ ಚೀಲಕ್ಕೂ ನಡುವೆ ಟವೆಲ್ ಇಟ್ಟು 15–20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರು ಬೇರೆಯವರ ಕೈಯಲ್ಲಿ ಬಿಸಿ ನೋಡಿಸಬೇಕು. ಬಿಸಿ ಚೀಲದ ಮೇಲೆ ಮಲಗಿ ನಿದ್ದೆ ಹೋಗಿ ಬೊಬ್ಬೆ ಎಬ್ಬಿಸಿಕೊಂಡು ಬಂದವರಿದ್ದಾರೆ. ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ಶಾಖ ಬೇಡವೆನಿಸಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10 ನಿಮಿಷ ಇಡಬಹುದು. ನಿಮಗೆ ಯಾವುದು ಹಿತವೋ ಅದು.

ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ಮನೆಯೊಳಗೇ 3ರಿಂದ 5 ನಿಮಿಷ ನಡೆಯಿರಿ. ಸೊಟ್ಟಗೆ ನಡೆದರೂ ಪರವಾಗಿಲ್ಲ. ಪೂರ್ತಿ ಹಾಸಿಗೆ ಹಿಡಿಯುವುದು ಹೆಚ್ಚೆಂದರೆ ಒಂದೆರಡು ದಿನ. ಅದಕ್ಕಿಂತ ಹೆಚ್ಚಾದರೆ ಸ್ನಾಯು ಸೊರಗಿ ವಾಸಿಯಾಗುವುದು ನಿಧಾನವಾಗುತ್ತದೆ.

ಶೌಚಕ್ಕೆ ಕುಕ್ಕರುಗಾಲಲ್ಲಿ ಕೂರಲು ಆಗದಿದ್ದರೆ ತೂತಿನ ಪ್ಲಾಸ್ಟಿಕ್ ಕುರ್ಚಿ ಬಳಸಿ. ಮಲಬದ್ಧತೆಯಾಗಿ ಮುಕ್ಕಿದರೆ ಟೊಂಕ ಮತ್ತೆ ಹಿಡಿಯುತ್ತದೆ, ನೀರು ಮತ್ತು ಸೊಪ್ಪು ಹೆಚ್ಚಿರಲಿ. ಕೆಮ್ಮು, ಸೀನು ಬಂದಾಗ ಒಂದು ಕೈ ಗೋಡೆಗೆ ಊರಿ, ಮೊಣಕಾಲು ಸ್ವಲ್ಪ ಸಡಿಲ ಬಿಡಿ.

ಈ ಹಂತದ ತಪ್ಪುಗಳು

ಉಳುಕು ತೆಗೆಸುವುದು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ಹುಡುಗರನ್ನು ನಿಲ್ಲಿಸಿ ತುಳಿಸುವುದು, ಇಬ್ಬರು ಹಿಡಿದು ತಿರುಚಿ ಲಟಕ್ ಎನ್ನಿಸುವುದು, ಇವು ಇನ್ನೂ ನಡೆದಿವೆ. ನೋವು ಸ್ನಾಯುವಿನದ್ದಾಗಿದ್ದರೆ ಹೇಗೂ ಇಳಿಯುತ್ತಿತ್ತು, ಹಾಗಾಗಿ ಒದ್ದವರಿಗೆ ಹೆಸರು ಬರುತ್ತದೆ. ಒಳಗೆ ಡಿಸ್ಕ್ ಜಾರಿದ್ದರೆ, ಮೂಳೆ ಟೊಳ್ಳಾಗಿದ್ದರೆ, ಕ್ಷಯ ತಿಂದಿದ್ದರೆ ಅದೊಂದು ಒದೆತ ಕಾಲಿನ ಬಲವನ್ನೇ ಕಸಿಯಬಹುದು. ದಯವಿಟ್ಟು ಬೇಡ.

ಇನ್ನೊಂದು, ಬಿಗಿದಿದೆ ಎಂದು ಮುಂದೆ ಬಗ್ಗಿ ಕಾಲ್ಬೆರಳು ಮುಟ್ಟಲು ನೋಡುವುದು. ಎಳೆದು ಗಾಯವಾದ ಸ್ನಾಯುವನ್ನು ಇನ್ನೂ ಎಳೆದ ಹಾಗಾಗುತ್ತದೆ.

ಹಂತ 3: ಮಾತ್ರೆ, ಸೂಜಿ, ಎಣ್ಣೆ, ಬೆಲ್ಟ್

ಪ್ಯಾರಾಸಿಟಮಾಲ್ ಒಂದರಿಂದಲೇ ಟೊಂಕ ನೋವು ಬೇಗ ವಾಸಿಯಾಗುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಕೆಲವು ದಿನ ಸಹಾಯ ಮಾಡುತ್ತವೆ. ಆದರೆ ಅವನ್ನು ವೈದ್ಯರನ್ನು ಕೇಳಿ, ಊಟದ ನಂತರ, ಕಡಿಮೆ ದಿನ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ತಾವಾಗಿಯೇ ನುಂಗಲೇಬಾರದು. ನಮ್ಮಲ್ಲಿ ಇದಕ್ಕೊಂದು ವಿಶೇಷ ಅಪಾಯ ಸೇರಿದೆ: ಬೆಳಗ್ಗೆ ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ, ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ದುಡಿದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಏಟು. ನಾಟಿಯ ತಿಂಗಳಿಡೀ ದಿನಕ್ಕೊಂದು ಮಾತ್ರೆಯ ಮೇಲೆ ದುಡಿಯುವ ಅಕ್ಕಂದಿರನ್ನು ಕಂಡಾಗ ನನಗೆ ಬೆನ್ನಿಗಿಂತ ಅವರ ಕಿಡ್ನಿಯದೇ ಚಿಂತೆ.

ಸೂಜಿಯ ವಿಷಯ. ಕಲಿಯದವರ ಕೈಯಲ್ಲಿ ಪೃಷ್ಠಕ್ಕೆ ಚುಚ್ಚಿಸಿಕೊಂಡರೆ ಕಾಲಿಗೆ ಹೋಗುವ ದೊಡ್ಡ ನರಕ್ಕೇ ತಗಲಬಹುದು. ಏನು ಔಷಧ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸೂಜಿಯಿಂದ ನೋವು ಮುಚ್ಚುತ್ತದೆ, ಸ್ನಾಯು ಅಂದೇ ಕೂಡಿಕೊಳ್ಳುವುದಿಲ್ಲ. ಬೆಳಗ್ಗೆ ಸೂಜಿ, ಮಧ್ಯಾಹ್ನ ಚೀಲ, ಮರುದಿನ ಮಂಚ ಹಿಡಿದ ಹಮಾಲಣ್ಣನೊಬ್ಬ ಬೆಂಚಿನ ಮೇಲೆ ಕೂತು ಅತ್ತಿದ್ದು ನನಗೆ ಇನ್ನೂ ನೆನಪಿದೆ. ಅವನಿಗೆ ಹೀಗೆ ಆಗುತ್ತದೆಂದು ಯಾರೂ ಹೇಳಿರಲಿಲ್ಲ.

ಎಣ್ಣೆ ಹಚ್ಚಿ ಮೆಲ್ಲಗೆ ಸವರಿದರೆ ಹಿತ, ತೊಂದರೆಯಿಲ್ಲ. ಮುಲಾಮು ಹಚ್ಚಿದ ಜಾಗಕ್ಕೆ ಅದರ ಮೇಲೇ ಬಿಸಿ ಚೀಲ ಇಡಬೇಡಿ, ಚರ್ಮ ಸುಡುತ್ತದೆ. ಟೊಂಕದ ಆಸರೆಗೆ ಹಾಕುವ ಬೆಲ್ಟನ್ನು ಬಸ್ಸಿನಲ್ಲಿ ಹೋಗುವಾಗ ಎರಡು ಮೂರು ದಿನ ಹಾಕಬಹುದು. ಬೆಲ್ಟ್ ಹಾಕಿದರೆ ಮುಂದೆ ಟೊಂಕ ಹಿಡಿಯುವುದಿಲ್ಲ ಎಂಬುದು ನಿಜವಲ್ಲ.

ಹಂತ 4: ಮೂರನೇ ದಿನದಿಂದ ಹತ್ತನೇ ದಿನ, ಅಲುಗಾಟ ಮರಳಿಸುವುದು

ಇಲ್ಲಿಂದ ಮುಂದೆ ಎಲ್ಲದಕ್ಕೂ ಒಂದೇ ಅಳತೆ. ನಾನು ಅದನ್ನು "ಮರುದಿನ ಬೆಳಗಿನ ಲೆಕ್ಕ" ಎನ್ನುತ್ತೇನೆ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮಾಡುವಾಗ ನೋವು ಮೂರರೊಳಗೆ ಇದ್ದು, ಮರುದಿನ ಬೆಳಗ್ಗೆ ನಿನ್ನೆ ಬೆಳಗಿನಷ್ಟೇ ಅಥವಾ ಕಡಿಮೆ ಇದ್ದರೆ ಮುಂದುವರಿಸಿ. ಬೆಳಗ್ಗೆ ಹೆಚ್ಚಾಗಿದ್ದರೆ ನಿನ್ನೆ ಮಾಡಿದ್ದರ ಅರ್ಧ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಎದ್ದ ತಕ್ಷಣ ಮಾಡಬೇಡಿ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ನಸುಕಿನಲ್ಲಿ ಎದ್ದವರೇ ಬಗ್ಗಿ ಅಂಗಳ ಗುಡಿಸುವ, ಕೊಡ ಎತ್ತುವ ಹೆಂಗಸರಿಗೆ ಆಗಲೇ ಟೊಂಕ ಹಿಡಿಯುವುದು ಇದರಿಂದಲೇ. ಉದ್ದ ಹಿಡಿಯ ಪೊರಕೆ ತನ್ನಿ, ಅಂಗಳದ ಕೆಲಸ ಒಂದು ಗಂಟೆ ಹಿಂದೆ ಹಾಕಿ, ಅಷ್ಟರಲ್ಲಿ ನಿಂತು ಮಾಡುವ ಕೆಲಸ ಮುಗಿಸಿ.

1. ಸೊಂಟ ಒತ್ತುವುದು. ಅಂಗಾತ ಮಲಗಿ ಮೊಣಕಾಲು ಮಡಚಿ. ಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದು ಟೊಂಕದ ಕೆಳಗಿನ ಸಂದನ್ನು ನೆಲಕ್ಕೆ ಒತ್ತಿ, 5 ಎಣಿಸಿ ಬಿಡಿ. 10 ಸಲ. ಉಸಿರು ಕಟ್ಟಬೇಡಿ.

2. ಒಂದು ಮೊಣಕಾಲು ಎದೆಗೆ. ತೊಡೆಯ ಹಿಂಭಾಗ ಹಿಡಿದು ಎಳೆಯಿರಿ, 15 ಎಣಿಸಿ. ಒಂದೊಂದು ಕಡೆ 3 ಸಲ. ಎರಡೂ ಕಾಲು ಒಟ್ಟಿಗೆ ಈಗ ಬೇಡ. ಕಾಲಿಗೆ ನೋವು ಇಳಿದರೆ ಇದನ್ನು ಬಿಡಿ.

3. ಬೆಕ್ಕಿನ ಭಂಗಿ. ಮಂಡಿ ಮತ್ತು ಅಂಗೈ ಊರಿ, ಬೆನ್ನನ್ನು ನಿಧಾನ ಮೇಲಕ್ಕೆ ಉಬ್ಬಿಸಿ, ನಿಧಾನ ಕೆಳಗೆ ಇಳಿಸಿ. 6ರಿಂದ 8 ಸಲ ಸಾಕು. ಕೊನೆಯವರೆಗೆ ಒತ್ತುವುದು ಬೇಡ, ಅಲುಗಾಡಿದರೆ ಸಾಕು.

4. ಬೋರಲು ಮಲಗಿ ಮೊಣಕೈ ಮೇಲೆ ಎದೆ ಎತ್ತುವುದು. ಇದು ಎಲ್ಲರಿಗೂ ಅಲ್ಲ. ಬಗ್ಗಿದಾಗ ನೋವು ಹೆಚ್ಚಿ, ಹಿಂದಕ್ಕೆ ಬಾಗಿದಾಗ ಹಿತವೆನಿಸುವವರಿಗೆ ಮಾತ್ರ. ನಾಟಿ ಹಚ್ಚುವವರಲ್ಲಿ ಹಲವರು ಈ ಗುಂಪಿನವರು. ಸೊಂಟ ನೆಲಕ್ಕೇ ಇರಲಿ, ಒಂದೆರಡು ನಿಮಿಷ ಹಾಗೇ ಇರಿ.

ದಿನಕ್ಕೆ ಎರಡು ಸಲ. ಜೊತೆಗೆ ಹೊರಗೆ 10 ನಿಮಿಷದ ನಡಿಗೆ, ಎರಡು ದಿನಕ್ಕೊಮ್ಮೆ 2–3 ನಿಮಿಷ ಹೆಚ್ಚಿಸುತ್ತಾ.

ಹಂತ 5: ಎರಡನೇ ವಾರದಿಂದ ಆರನೇ ವಾರ, ಬಲ ತುಂಬುವುದು

ನೋವು ಬಹುಪಾಲು ಹೋಗಿರುತ್ತದೆ, ಜನ ಇಲ್ಲಿಗೇ ಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಬರುವವರು ಯಾರೆಂದು ನನಗೆ ಈ ಹಂತದಲ್ಲೇ ಗೊತ್ತಾಗುತ್ತದೆ.

ಸೇತುವೆ: ಅಂಗಾತ ಮಲಗಿ ಮೊಣಕಾಲು ಮಡಚಿ, ಹಿಮ್ಮಡಿ ಒತ್ತಿ ಸೊಂಟ ಎತ್ತಿ. ಬಲ ಪೃಷ್ಠದಲ್ಲಿ ಬರಬೇಕು, ಟೊಂಕದಲ್ಲಲ್ಲ. ಟೊಂಕ ಹಿಡಿಯುತ್ತಿದ್ದರೆ ಎತ್ತರ ಕಡಿಮೆ ಮಾಡಿ. 5 ಎಣಿಕೆ, 10 ಸಲ.

ಎದುರು ಕೈಕಾಲು: ಮಂಡಿ ಮತ್ತು ಅಂಗೈ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲದಷ್ಟು ಸಮ ಇರಬೇಕು. 8 ಎಣಿಸಿ ಬದಲಿಸಿ, ಒಂದೊಂದು ಕಡೆ 5 ಸಲ.

ಪಕ್ಕದ ಹಲಗೆ: ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಮಡಚಿದ ಮಂಡಿಯ ಮೇಲೆ ಸೊಂಟ ಎತ್ತಿ 8–10 ಎಣಿಸಿ, ಒಂದೊಂದು ಕಡೆ 4 ಸಲ.

ಕೋಲಿನ ಪಾಠ

ಇದೊಂದನ್ನು ಕಲಿತರೆ ಉಳಿದದ್ದು ಮರೆತರೂ ಅರ್ಧ ಗೆದ್ದಿರಿ. ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ, ಒಂದು ಕೈ ಕುತ್ತಿಗೆಯ ಹಿಂದೆ, ಒಂದು ಕೈ ಟೊಂಕದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಭುಜಗಳ ನಡುವೆ, ಬೆನ್ನಿನ ತುದಿಮೂಳೆ. ಈಗ ಮೊಣಕಾಲು ಸ್ವಲ್ಪ ಸಡಿಲ ಮಾಡಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವ ಹಾಗೆ ಹಿಂದಕ್ಕೆ ಸರಿಯುತ್ತಾ ಮುಂದಕ್ಕೆ ಬಾಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟರೂ ಬೆನ್ನು ಬಾಗಿದೆ ಎಂದರ್ಥ. ಬಾಗಬೇಕಾದ್ದು ತೊಡೆಯ ಬುಡ. ತೊಡೆಯ ಹಿಂಭಾಗ ಬಿಗಿದು ಎಳೆದರೆ ಸರಿಯಾಗಿ ಮಾಡುತ್ತಿದ್ದೀರಿ. ದಿನಕ್ಕೆ 20 ಸಲ, ಎರಡು ವಾರ. ಆಮೇಲೆ ಕೋಲಿಲ್ಲದೆ, ಆಮೇಲೆ ಕೈಯಲ್ಲಿ 5 ಲೀಟರ್ ಕ್ಯಾನ್ ಹಿಡಿದು.

ಹಂತ 6: ಕೆಲಸಕ್ಕೆ ಮರಳುವುದು

ಆರು ವಾರ ಕೂಲಿ ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಕೂಲಿ ಬಿಟ್ಟರೆ ಒಲೆ ಹತ್ತದ ಮನೆಗಳು ನಮ್ಮವು. ಆದ್ದರಿಂದ ಕೆಲಸ ಬಿಡುವ ಮಾತಲ್ಲ, ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಮಾತು: ಎರಡನೇ ವಾರ 5 ಕೆಜಿ, ಮೂರನೇ ವಾರ 10, ನಾಲ್ಕು ಐದನೇ ವಾರಕ್ಕೆ 20, ಅಲ್ಲಿಂದ ಮೇಲೆ ಹಳೆಯ ಭಾರದತ್ತ. ಪ್ರತಿ ಮೆಟ್ಟಿಲಿಗೂ ಮರುದಿನ ಬೆಳಗಿನ ಲೆಕ್ಕ.

ನಾಟಿ ಮತ್ತು ಕಳೆ

ಇಪ್ಪತ್ತು ನಿಮಿಷ ಬಗ್ಗಿಯೇ ಇದ್ದರೆ ಬೆನ್ನುಮೂಳೆಗಳನ್ನು ಬಿಗಿದಿಡುವ ಕಟ್ಟುಗಳು ಎಳೆದ ರಬ್ಬರಿನಂತೆ ಸಡಿಲಾಗುತ್ತವೆ, ಮತ್ತೆ ಬಿಗಿಯಾಗಲು ಸಾಕಷ್ಟು ಹೊತ್ತು ಬೇಕು. ಹೆಚ್ಚು ಅನಾಹುತ ಆಗುವುದು ಬಗ್ಗಿದ್ದಾಗಲ್ಲ, ದೀರ್ಘ ಹೊತ್ತು ಬಗ್ಗಿ ಎದ್ದ ಕೂಡಲೇ ಸಸಿಯ ಹಸಿ ಕಟ್ಟನ್ನೋ ತುಂಬಿದ ಕೊಡವನ್ನೋ ಎತ್ತಿದಾಗ. ಆದ್ದರಿಂದ 20 ನಿಮಿಷಕ್ಕೊಮ್ಮೆ ನಿಂತು, ಅಂಗೈಗಳನ್ನು ಟೊಂಕಕ್ಕೆ ಕೊಟ್ಟು ಹಿಂದಕ್ಕೆ 5 ಸಲ ಬಾಗಿ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಒಬ್ಬರೇ ಎದ್ದು ನಿಂತರೆ ಸಾಲು ಹಿಂದೆ ಬೀಳುತ್ತದೆ, ಮೇಸ್ತ್ರಿ ಕೂಗುತ್ತಾನೆ. ಗುಂಪಿನವರೆಲ್ಲ ಒಟ್ಟಿಗೆ ನಿಲ್ಲಿ, ಒಬ್ಬರ ಮೊಬೈಲಿನಲ್ಲಿ ಅಲಾರಂ ಇಡಿ. ಎದ್ದ ಮೇಲೆ ಎರಡು ನಿಮಿಷ ನಡೆಯದೆ ಯಾವ ಭಾರವನ್ನೂ ಎತ್ತಬೇಡಿ.

ನೋವು ಇನ್ನೂ ಇರುವವರು ಸಸಿ ಕೀಳುವ ಕೆಲಸವನ್ನು ಮೋಟು ಮಣೆಯ ಮೇಲೆ ಕೂತು ಮಾಡಲಿ. ಕಳೆ ತೆಗೆಯುವಾಗ ಒಂದು ಮಂಡಿ ನೆಲಕ್ಕೆ ಊರಿದರೆ ಬೆನ್ನಿನ ಭಾರ ಇಳಿಯುತ್ತದೆ. ಹತ್ತಿ ಬಿಡಿಸುವವರು ಉಡಿ ತುಂಬುವವರೆಗೆ ಕಾಯದೆ ಅರ್ಧಕ್ಕೇ ಖಾಲಿ ಮಾಡಲಿ. ಮುಂದೆ ಜೋತುಬಿದ್ದ ಭಾರವೆಲ್ಲ ಟೊಂಕದ ಸ್ನಾಯುವೇ ಹಿಡಿಯಬೇಕು. ಸ್ವಂತ ಹೊಲ ಇರುವವರು ಕೂರಿಗೆಯಿಂದ ನೆಲ್ಲು ನೇರ ಬಿತ್ತುವ ಬಗ್ಗೆಯೂ ಯೋಚಿಸಿ, ಬಗ್ಗುವ ಕೆಲಸವೇ ಕಡಿಮೆಯಾಗುತ್ತದೆ.

ಚೀಲ ಮತ್ತು ನೀರಿನ ಕ್ಯಾನ್

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳು ಒಬ್ಬನೇ ಹೊರುವ ಭಾರ 55 ಕೆಜಿ ಮೀರದಿರಲಿ ಎಂದು ಶಿಫಾರಸು ಮಾಡಿತ್ತು. ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರಿನ ನೆಲ್ಲಿನ ಚೀಲ 75 ಕೆಜಿ. ಇದನ್ನು ಒಬ್ಬರೇ ನೆಲದಿಂದ ಎತ್ತುವ ಸರಿಯಾದ ರೀತಿ ಎಂಬುದೇ ಇಲ್ಲ. ಇಬ್ಬರು ಹಿಡಿದು ಸೊಂಟದೆತ್ತರದ ಕಟ್ಟೆಗೋ ಚೀಲದ ಅಟ್ಟಿಗೋ ಏರಿಸಿ, ಅಲ್ಲಿಂದ ಬೆನ್ನಿಗೆ ಕೊಡಬೇಕು. ಲಾರಿಗೆ ಎಸೆಯುವಾಗ ಪಾದ ಅಲ್ಲೇ ಇಟ್ಟು ನಡು ತಿರುಚುತ್ತಾರೆ, ಟೊಂಕ ಹಿಡಿಯುವುದು ಆ ಕ್ಷಣಕ್ಕೆ. ಪಾದ ತಿರುಗಲಿ, ಮೂಗು ಮತ್ತು ಹೊಕ್ಕುಳು ಒಂದೇ ಕಡೆ ನೋಡುತ್ತಿರಲಿ.

ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನ್ ಎಂದರೆ 20 ಕೆಜಿ. ಬೈಕಿನಿಂದ ಒಂದೇ ಕೈಯಲ್ಲಿ ಪಕ್ಕಕ್ಕೆ ಎಳೆದು ಇಳಿಸುವುದು ಟೊಂಕ ಹಿಡಿಯಲು ಸುಲಭ ದಾರಿ. ಕ್ಯಾನಿಗೆ ಎದುರಾಗಿ ನಿಂತು, ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಇಳಿಸಿ. 20 ಕೆಜಿಯ ಮೆಟ್ಟಿಲಿಗೆ ಬಂದ ಮೇಲೂ ಆರನೇ ವಾರದವರೆಗೆ 10 ಲೀಟರಿನ ಎರಡು ಕ್ಯಾನ್ ತನ್ನಿ, ಎರಡೂ ಕೈಗೆ ಸಮ ತೂಗುತ್ತದೆ.

ಹೊಲಿಗೆ ಯಂತ್ರ, ಸ್ಟೇರಿಂಗ್, ಒಲೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆನ್ನಾಸರೆ ಇಲ್ಲದ ಸ್ಟೂಲಿನ ಮೇಲೆ ದಿನವಿಡೀ ಕೂರುವವರು ಸ್ಟೂಲಿಗೆ ಗಟ್ಟಿ ದಿಂಬು ಹಾಕಿ, ಸೊಂಟ ಮೊಣಕಾಲಿಗಿಂತ ತುಸು ಮೇಲಿರುವಂತೆ ಕೂರಲಿ. ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಳ್ಳಿ. ಅರ್ಧ ಗಂಟೆಗೊಮ್ಮೆ ದಾರದ ಉಂಡೆ ಬದಲಿಸುವ ನೆಪದಲ್ಲಾದರೂ ಎದ್ದು ನಿಲ್ಲಿ.

ಟಿಪ್ಪರ್, ಲಾರಿ, ಟ್ರ್ಯಾಕ್ಟರ್ ಓಡಿಸುವವರಿಗೆ ಕಂಪನವೇ ಶತ್ರು. ಹಿಂದಿನ ಜೇಬಿನ ಪರ್ಸ್ ತೆಗೆದಿಡಿ, ಟೊಂಕದ ಹಿಂದೆ ಸುತ್ತಿದ ಟವೆಲ್ ಇರಲಿ. ಗಾಡಿ ನಿಲ್ಲಿಸಿದ ಕೂಡಲೇ ಇಳಿದು ಲೋಡಿಗೆ ಕೈ ಹಾಕಬೇಡಿ, ಐದು ನಿಮಿಷ ನಡೆಯಿರಿ.

ನೆಲದ ಮೇಲೆ ಕೂತು ರೊಟ್ಟಿ ಬಡಿಯುವವರು ಅಂಗೈ ಎತ್ತರದ ಮಣೆಯ ಮೇಲೆ ಕೂತರೂ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 7: ನೋವಿಲ್ಲದ ದಿನಗಳಲ್ಲಿ

ನಡೆಯಿರಿ. 2024ರಲ್ಲಿ ದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಟೊಂಕ ನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯಲ್ಲಿ ಕೆಲವರಿಗೆ ಫಿಸಿಯೋಥೆರಪಿಸ್ಟರ ಸಲಹೆಯೊಂದಿಗೆ ನಡಿಗೆ ಕಲಿಸಿ, ವಾರಕ್ಕೆ ಐದು ದಿನ 30 ನಿಮಿಷದವರೆಗೆ ಹೆಚ್ಚಿಸುತ್ತಾ ಹೋದರು. ನಡೆದವರ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ನೋವು ಮರಳಿ ಬರಲು 208 ದಿನ ಹಿಡಿಯಿತು, ಉಳಿದವರಲ್ಲಿ 112. ಹೊಲದಲ್ಲಿ ದಿನವಿಡೀ ಓಡಾಡುತ್ತೇವಲ್ಲ ಎಂದು ಕೇಳುತ್ತಾರೆ. ಕೆಸರಿನಲ್ಲಿ ಬಗ್ಗಿ ಹೆಜ್ಜೆ ಇಡುವುದು ಬೇರೆ, ಕೈ ಬೀಸಿ ನೆಟ್ಟಗೆ ನಡೆಯುವುದು ಬೇರೆ. ಬೇಸಿಗೆಯಲ್ಲಿ ಬೆಳಗ್ಗೆ ಆರರ ಮೊದಲು ಅಥವಾ ಹೊತ್ತು ಮುಳುಗಿದ ಮೇಲೆ, ಕಾಲುವೆ ದಂಡೆಯೋ ಶಾಲೆಯ ಬಯಲೋ ಯಾವುದಾದರೂ ಸರಿ.

ಐದನೇ ಹಂತದ ವ್ಯಾಯಾಮ ವಾರಕ್ಕೆ ಮೂರು ದಿನ ಉಳಿಸಿಕೊಳ್ಳಿ. ನಾಟಿಗೆ ಹೋಗುವವರು ನೀರು ಬಿಡುವ ಒಂದು ತಿಂಗಳ ಮೊದಲೇ ಶುರು ಮಾಡಿ.

ಮತ್ತೆ ಹಿಡಿದರೆ

ಹಿಡಿಯಬಹುದು, ಎಲ್ಲ ಸರಿಯಾಗಿ ಮಾಡಿದವರಿಗೂ. ಆಗ ಭಾರವನ್ನು ಅಲ್ಲೇ ಬಿಡಿ, ಕೈ ಊರಿ ನಿಲ್ಲಿ. ಮೊದಲ ಹಂತದ ಅಪಾಯದ ಗುರುತುಗಳನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿ. ಯಾವುದೂ ಇಲ್ಲದಿದ್ದರೆ ನಿಧಾನ ಮನೆಗೆ ನಡೆದು ಕುರ್ಚಿಯ ಮೇಲೆ ಕಾಲಿಟ್ಟು ಮಲಗಿ, ಎರಡನೇ ಹಂತದಿಂದ ಮತ್ತೆ ಶುರು ಮಾಡಿ. ಹಳೆಯ ಚೀಟಿಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮತ್ತೆ ತರಿಸಬೇಡಿ.

ಒಂದೇ ವರ್ಷದಲ್ಲಿ ಮೂರನೇ ಸಲ ಹಿಡಿದರೆ, ಅಥವಾ ಆರು ವಾರವಾದರೂ ಇಳಿಯದಿದ್ದರೆ ವೈದ್ಯರ ಬಳಿ, ಇಲ್ಲವೆ ಫಿಸಿಯೋಥೆರಪಿಸ್ಟರ ಬಳಿ ಹೋಗಿ. ಹೋಗುವ ಮುನ್ನ ಒಂದು ಕೆಲಸ ಮಾಡಿ: ನೀವು ಚೀಲ ಎತ್ತುವುದನ್ನೋ, ನಾಟಿ ಹಚ್ಚುವುದನ್ನೋ, ಯಂತ್ರದ ಮುಂದೆ ಕೂರುವುದನ್ನೋ ಪಕ್ಕದಿಂದ ಅರ್ಧ ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಎಕ್ಸ್‌ರೇ ಜೊತೆ ಅದನ್ನೂ ತೋರಿಸಿ.